ತೂಕ ಇಳಿದ ವಾರ

ಆ ದಿನ ನಾನು ಶೇಂಗಾ ಹುರಿಯುತ್ತಿದ್ದೆ. ಭಾನುವಾರ, ಅಂಗನವಾಡಿಗೆ ಸೂಟಿ. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ಒಲೆಯ ಮುಂದೆ ಬಂದಿದ್ದೆ. ವಾರಕ್ಕಾಗುವ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕುಟ್ಟಬೇಕಾಗಿತ್ತು. ಎರಡು ಸೇರು ಶೇಂಗಾ ಅಳೆದು ಹಂಚಿಗೆ ಹಾಕಿದ್ದೆ. ಶೇಂಗಾ ಹುರಿಯುವಾಗ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಒಂದು ಮಗ್ಗಲು ಸೀಯುತ್ತದೆ. ಅಷ್ಟರಲ್ಲಿ ಫೋನು ಬಂತು. ಮುದ್ದೇಬಿಹಾಳದ ದವಾಖಾನೆಯಲ್ಲಿ ಸೊರಗಿದ ಮಕ್ಕಳನ್ನು ಇಟ್ಟುಕೊಂಡು ಆರೈಕೆ ಮಾಡುವ ಕೋಣೆಯ ನರ್ಸಮ್ಮ ಮಾತಾಡಿದಳು.

"ಅಕ್ಕೋರ, ನಿಮ್ಮೂರಿನ ನೀಲವ್ವಾಯಿ ಗಂಟು ಕಟ್ಟಾಕತ್ತಾಳ ನೋಡ್ರಿ. ಮೊಮ್ಮಗಳ ತೂಕಾ ಇಳದೈತಿ ಅಂತ ಸಿಟ್ಟಿಗೆದ್ದಾಳ. ಮಧ್ಯಾಹ್ನದ ಬಸ್ಸಿಗೆ ಕೂಸಿನ್ನ ಕರಕೊಂಡ ಹೋಗ್ತಾಳಂತ."

"ಎಷ್ಟ ಇಳದೈತ್ರಿ?"

"ಮುಕ್ಕಾಲು ಕಿಲೋ. ಬಾವು ಇಳಿಯಾಕತ್ತೈತ್ರಿ, ತೂಕಾ ಇಳೀಬೇಕ ಅದು. ಆದ್ರ ಆಕಿಗೆ ಅದನ್ನ ಹ್ಯಾಂಗ ಹೇಳೂದು? ನೀವು ಬರ್ರಿ. ಆಕಿ ಒಯ್ದಳಂದ್ರ ಕೂಸು ದಕ್ಕೂದಿಲ್ಲ."

ಹುರಿಯುತ್ತಿದ್ದ ಮರದ ಹುಟ್ಟನ್ನು ನಮ್ಮ ಮನೆಯವರ ಕೈಗೆ ಕೊಟ್ಟು ಎದ್ದೆ. "ಕೈ ನಿಲ್ಲಿಸಬ್ಯಾಡ್ರಿ" ಅಂದೆ. ಅವರು "ನೀ ಕೂಸಿನ್ನ ನೋಡಹೋಗು, ಶೇಂಗಾದ್ದು ನಾ ನೋಡ್ಕೋತೇನಿ" ಅಂದರು. ಮಾತು ಕಡಿಮೆಯ ಗಂಡನನ್ನು ಶಿವ ಕೊಟ್ಟಿದ್ದಾನೆ, ಅದೂ ಒಂದು ಉಪಕಾರ.

ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ನಾಲತವಾಡದ ಆಚೆಗಿನ ನಮ್ಮ ಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಗನವಾಡಿ ನಡೆಸಿದೆ. ನಮ್ಮ ಕೆಲಸದಲ್ಲಿ ಮೇಲೇರುವ ಮೆಟ್ಟಿಲು ಕಡಿಮೆ, ಇದ್ದ ಒಂದೆರಡನ್ನೂ ನಾನು ಹತ್ತಲಿಲ್ಲ. ಅದರ ಸುದ್ದಿ ಬೇಡ. ಹೊಸದಾಗಿ ಈ ಕೆಲಸಕ್ಕೆ ಬಂದಿರುವ ಹೆಣ್ಣುಮಕ್ಕಳು ಆಗಾಗ ಮನೆಗೆ ಬಂದು, "ಅಕ್ಕೋರ, ತೂಕಾನ ಏರವಲ್ದು, ಏನ ಬರೀಲಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಭಾನುವಾರ ನಾನು ಕಲಿತದ್ದು ಯಾವ ತರಬೇತಿಯಲ್ಲೂ ಸಿಗಲಿಲ್ಲ. ಆದರೆ ಅದನ್ನು ಹೇಳುವ ಮೊದಲು ನನ್ನ ಎರಡು ತಪ್ಪುಗಳನ್ನು ಹೇಳಬೇಕು.

ನನ್ನ ತವರು ಸಿಂದಗಿ ಕಡೆ. ಲಗ್ನವಾಗಿ ಈ ಊರಿಗೆ ಬಂದು, ರೊಟ್ಟಿ ಬಡಿದುಕೊಂಡು ಇದ್ದವಳು. ಮೆಟ್ರಿಕ್ ಆಗಿದ್ದ ಸೊಸೆ ಊರಲ್ಲಿ ನಾನೊಬ್ಬಳೇ ಎಂದು ಹಿರಿಯರು ಈ ಕೆಲಸಕ್ಕೆ ಹಚ್ಚಿದರು. ಬಸವನ ಬಾಗೇವಾಡಿಯಲ್ಲಿ ತರಬೇತಿ. ಮೊದಲ ದಿನವೇ ತಕ್ಕಡಿ ತೋರಿಸಿದರು. ಗಡಿಯಾರದಂಥ ಮುಖ, ಕೆಳಗೊಂದು ಕೊಂಡಿ, ಕೊಂಡಿಗೆ ಚಡ್ಡಿಯಂಥ ಚೀಲ. ಚೀಲದಲ್ಲಿ ಕೂಸನ್ನು ಇಳಿಬಿಟ್ಟರೆ ಮುಳ್ಳು ತಿರುಗಿ ತೂಕ ಹೇಳುತ್ತದೆ. ಕೂಸು ಒದ್ದಾಡಿ ಅಳುತ್ತದೆ, ಮುಳ್ಳೂ ಅದರ ಜೊತೆ ಒದ್ದಾಡುತ್ತದೆ. ಎರಡೂ ಒಂದು ಗಳಿಗೆ ಸುಮ್ಮನಾಗುವುದನ್ನು ಕಾದು ಅಂಕಿ ಹಿಡಿಯಬೇಕು. ಅಂಕಿಯನ್ನು ಹಾಳೆಯಲ್ಲಿ ಚುಕ್ಕೆ ಮಾಡಿ, ಚುಕ್ಕೆಗೆ ಚುಕ್ಕೆ ಸೇರಿಸಿದರೆ ಗೆರೆ. ಗೆರೆ ಏರಿದರೆ ಕೂಸು ಚೆನ್ನಾಗಿದೆ, ಇಳಿದರೆ ಇಲ್ಲ. ಇಷ್ಟೇ ನನಗೆ ತಿಳಿದದ್ದು. ಗೆರೆಯನ್ನು ನಂಬಿದೆ, ದೇವರನ್ನು ನಂಬಿದ ಹಾಗೆ.

ಮೊದಲ ತಪ್ಪು ಬೆಳ್ಳಿಯದು. ನಮ್ಮ ಕಡೆ ಕೂಸನ್ನು ನಾಲ್ಕು ಮಂದಿಯ ಕಣ್ಣಿಗೆ ಬೀಳುವಲ್ಲಿ ಕರೆದೊಯ್ಯುವುದಾದರೆ ಬರಿಗಾಲಲ್ಲಿ ಒಯ್ಯುವುದಿಲ್ಲ. ಕಾಲಿಗೆ ಕಡಗ, ಸೊಂಟಕ್ಕೆ ಗೆಜ್ಜೆ ಪೋಣಿಸಿದ ಉಡಿದಾರ, ಕೊರಳಲ್ಲಿ ತಾಯಿತ. ಹರಕೆ ಹೊತ್ತು ಹುಟ್ಟಿದ ಕೂಸಾದರೆ ಇನ್ನೊಂದು ಹಿಡಿ ಬೆಳ್ಳಿ. ತೂಕದ ದಿನ ಎಂದರೆ ಊರೆಲ್ಲ ಸೇರುವ ದಿನ. ತಾಯಂದಿರು ಮನೆಯಲ್ಲಿದ್ದ ಬೆಳ್ಳಿಯನ್ನೆಲ್ಲ ಕೂಸಿಗೆ ಹೇರಿಕೊಂಡು ಬರುತ್ತಿದ್ದರು. ದೇವರ ಹೆಸರಿನಲ್ಲಿ ಹಾಕಿದ್ದನ್ನು ಬಿಚ್ಚು ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗೇ ತೂಗಿದೆ, ಹಾಗೇ ಬರೆದೆ.

ಆಗಿನ ನಮ್ಮ ಸೂಪರ್‌ವೈಸರ್ ಬಾಯಿ ಇಂಡಿ ಕಡೆಯವರು, ಎಲ್ಲರೂ ಇಂಡಿ ಬಾಯಿ ಎನ್ನುತ್ತಿದ್ದೆವು. ಕೈಚೀಲದಲ್ಲಿ ಯಾವಾಗಲೂ ತಮ್ಮ ಗಿಡದ ನಾಲ್ಕು ನಿಂಬೆಹಣ್ಣು ಇರುತ್ತಿದ್ದವು. ಚೆನ್ನಾಗಿ ಕೆಲಸ ಮಾಡಿದವರಿಗೆ ಒಂದು ಕೊಡುತ್ತಿದ್ದರು. ಒಂದು ಸಲ ತೂಕದ ಹೊತ್ತಿಗೆ ಬಂದು ಹಿಂದೆ ನಿಂತು ನೋಡಿದರು. ಒಂದು ಕೂಸಿನ ಬೆಳ್ಳಿಯನ್ನೆಲ್ಲ ಬಿಚ್ಚಿಸಿ, ಬರೀ ಬೆಳ್ಳಿಯನ್ನೇ ಆ ಚೀಲಕ್ಕೆ ಹಾಕಿದರು. ಮುಳ್ಳು ತಿರುಗಿತು.

"ನೋಡವ್ವಾ," ಅಂದರು, "ಹೋದ ತಿಂಗಳು ನೀ ಏರೈತಿ ಅಂತ ಬರದದ್ದು ಇದು. ಕೂಸಿನ ತೂಕಾ ಅಲ್ಲ, ಅಕ್ಕಸಾಲಿದು."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಅಂದಿನಿಂದ ತಕ್ಕಡಿಯ ಪಕ್ಕ ಒಂದು ಹಿತ್ತಾಳೆ ತಟ್ಟೆ ಇಟ್ಟೆ. "ದೇವರ ಬೆಳ್ಳಿ ದೇವರ ತಟ್ಟೆಯೊಳಗ ಇರ್ಲಿ, ಕೂಸು ಅಷ್ಟ ಬರ್ಲಿ" ಅಂದರೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಆ ತಿಂಗಳು ನನಗೆ ನಿಂಬೆಹಣ್ಣು ಸಿಕ್ಕಿತು.

ಎರಡನೆಯ ತಪ್ಪು ದೊಡ್ಡದು. ಬೆಳ್ಳಿಯ ಪಾಠವಾಗಿ ಎಷ್ಟೋ ವರ್ಷಗಳ ಮೇಲೆ, ಕೈಯಲ್ಲಿ ಫೋನು ಬಂದ ಕಾಲದಲ್ಲಿ ಮಾಡಿದ ತಪ್ಪು ಅದು. ನೀಲವ್ವ ಕುರಿ ಕಾಯುವ ಮನೆತನದವಳು. ಮಗ ಕುರಿ ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದ. ಸೊಸೆ ಎರಡನೆಯ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಒಂದೂವರೆ ವರ್ಷದ ಹಿರಿಯ ಮಗಳು ಗೌರಿ ಅಜ್ಜಿಯ ಹತ್ತಿರ ಉಳಿದಿದ್ದಳು. ತಾಯಿಯ ಹಾಲು ಒಮ್ಮೆಲೇ ಬಿಟ್ಟ ಕೂಸು. ನೀಲವ್ವ ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು. ಆದರೆ ಕೂಸಿನ ಹೊಟ್ಟೆಗೆ ಹೋಗುತ್ತಿದ್ದದ್ದು ತೆಳ್ಳನೆಯ ಅಂಬಲಿ, ಚಹಾದಲ್ಲಿ ಅದ್ದಿದ ಬಿಸ್ಕೀಟು. ನಾನು ಕೊಟ್ಟ ಅಂಗನವಾಡಿಯ ಪೌಷ್ಟಿಕ ಪುಡಿ, ಮೊಟ್ಟೆಯನ್ನು ಕೂಸು ತಿನ್ನಲಿಲ್ಲ. ಅದನ್ನು ನೀಲವ್ವ ಹೇಳಲಿಲ್ಲ, ನಾನು ಕೇಳಲಿಲ್ಲ.

ಎರಡು ತಿಂಗಳು ಗೌರಿಯ ಗೆರೆ ಮಲಗಿತ್ತು. ಮೂರನೆಯ ತಿಂಗಳು ಎದ್ದಿತು. ಕೆನ್ನೆ ಗುಂಡಾಗಿತ್ತು, ಕೈಕಾಲು ತುಂಬಿದ್ದವು. ನೀಲವ್ವ ಕೂಸಿನ ಅಂಗಿ ಎತ್ತಿ ತೋರಿಸಿದಳು.

"ಅಮಾಸಿಗೆ ಕಟ್ಟಿದ ಉಡಿದಾರ ನೋಡ್ರಿ ಅಕ್ಕೋರ, ಈಗ ಹ್ಯಾಂಗ ಬಿಗದೈತಿ. ಮೊಮ್ಮಗಳ ಉಸ್ತುವಾರಿ ಈ ಮುದುಕಿಗೆ ಆಗೂದಿಲ್ಲ ಅಂದಿದ್ಳು ಸೊಸಿ. ಆಕಿಗೆ ಫೋನ್ ಹಚ್ಚಿ ಹೇಳ್ರಿ ಎಷ್ಟ ತೂಕಾ ಅಂತ."

ನಾನು ಹೇಳಿದೆ. ಅಷ್ಟಕ್ಕೇ ನಿಲ್ಲಲಿಲ್ಲ, ಒಳಗಿಂದ ಸಕ್ಕರೆ ತಂದು ನೀಲವ್ವನ ಬಾಯಿಗೆ ಹಾಕಿದೆ. ಕೂಸು ನಗುತ್ತಿರಲಿಲ್ಲ. ಕೊಟ್ಟ ಗಿಲಕಿಯನ್ನು ಹಿಡಿಯಲಿಲ್ಲ. ತಕ್ಕಡಿಯಲ್ಲಿ ಒದ್ದಾಡಲೂ ಇಲ್ಲ, ಜೋಲು ಮೋರೆ ಮಾಡಿಕೊಂಡು ಕುಳಿತಿತ್ತು. 'ಎಷ್ಟು ಶಾಣ್ಯಾ ಕೂಸು, ಅಳುವುದೇ ಇಲ್ಲ' ಎಂದುಕೊಂಡೆ.

ಇಂಡಿ ಬಾಯಿ ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಎರಡು ದಿನದ ಮೇಲೆ ಬಂದರು. ಪುಸ್ತಕ ತೆರೆದು ತೋರಿಸಿದೆ, ನೋಡಲಿಲ್ಲ. ನೀಲವ್ವನ ತೊಡೆಯ ಮೇಲಿನ ಕೂಸನ್ನೇ ನೋಡುತ್ತಿದ್ದರು. ಹತ್ತಿರ ಕುಳಿತು ಅದರ ಪಾದದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರು, ಬಾಯಲ್ಲೇ ಎಣಿಸಿ ಬೆರಳು ತೆಗೆದರು. ನಾದಿದ ಜೋಳದ ಹಿಟ್ಟಿನಲ್ಲಿ ಬೆರಳು ಒತ್ತಿದ ಹಾಗೆ ಕುಳಿ ಬಿತ್ತು. ಕುಳಿ ಮೇಲೆ ಬರಲಿಲ್ಲ. ಇನ್ನೊಂದು ಪಾದದಲ್ಲೂ ಹಾಗೇ.

"ಇದು ಮಾಂಸ ಅಲ್ಲವ್ವಾ, ನೀರು," ಅಂದರು. ಬಯ್ಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ತಕ್ಕಡಿಗೆ ನೀರೂ ಒಂದ, ಮಾಂಸಾನೂ ಒಂದ. ನಿನಗ ಕಣ್ಣ ಕೊಟ್ಟಾನಲ್ಲ ದೇವರು?"

ಕೂಸು ಸತ್ವವಿಲ್ಲದೆ ಬಾತಿತ್ತು. ಆ ಊತಕ್ಕೆ ನಾನು ಸಕ್ಕರೆ ಹಂಚಿದ್ದೆ.

ನೀಲವ್ವ ದವಾಖಾನೆಗೆ ಒಪ್ಪಲು ಒಂದು ಇಡೀ ದಿನ ಹಿಡಿಯಿತು. "ಬರಗಾಲದ ಕೂಸಿನ್ಹಂಗ ಇದ್ದಾಗ ಬಿಟ್ಟು, ಗುಂಡಾದ ಮ್ಯಾಲ ದವಾಖಾನಿನಾ?" ಎಂದು ನನ್ನ ಸಕ್ಕರೆಯನ್ನೇ ನನಗೆ ತಿರುಗಿ ಉಗುಳಿದ ಹಾಗೆ ಮಾತಾಡಿದಳು. ಕಡೆಗೆ ಮಗ ಫೋನಿನಲ್ಲಿ ಹೇಳಿದ ಮೇಲೆ ಬಂದಳು. ಸೇರಿಸಿ ಬಂದ ಆರನೆಯ ದಿನವೇ ಆ ಭಾನುವಾರ.

ನಾನು ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಬಸ್ಸು ಬಂದು ನಿಂತಿತ್ತು, ಅದೊಂದು ಉಪಕಾರ. ಕಿಟಕಿಯ ಬದಿಗೆ ಜಾಗ ಸಿಕ್ಕಿತು, ಅದು ಇನ್ನೊಂದು ಉಪಕಾರ. ದಾರಿಯುದ್ದಕ್ಕೂ ಇಷ್ಟಲಿಂಗದ ಮೇಲೆ ಕೈಯಿಟ್ಟು ಕುಳಿತಿದ್ದೆ. ನನ್ನ ತಪ್ಪಿಗೆ ಕೂಸನ್ನು ತೂಗಬೇಡ ಎಂದಷ್ಟೇ ಅಂದುಕೊಂಡೆ.

ಕೋಣೆಯಲ್ಲಿ ಆರೇಳು ಮಂಚ, ಮಂಚಕ್ಕೊಂದು ಕೂಸು, ಕೂಸಿಗೊಬ್ಬಳು ತಾಯಿ. ನೀಲವ್ವ ಗಂಟು ಕಟ್ಟಿ ಮಂಚದ ಕಾಲಿಗೆ ಒರಗಿಸಿ, ಗೌರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ.

"ಬಂದ್ರ್ಯಾ? ಬರ್ರಿ. ಸಕ್ಕರಿ ತಂದೀರೇನು?"

ನಾನು ಅವಳ ಎದುರು ನೆಲದ ಮೇಲೆ ಕುಳಿತೆ.

"ನೋಡ್ರಿ," ಎಂದು ಕೂಸಿನ ಉಡಿದಾರದೊಳಗೆ ಎರಡು ಬೆರಳು ತೂರಿಸಿದಳು. "ಜಾರಿ ಬೀಳಾಕತ್ತೈತಿ. ಕೆನ್ನಿ ಹೋತು, ತೋಳು ಹೋತು. ಎರಡು ತಾಸಿಗೊಮ್ಮೆ ಒಂದು ಗುಟುಕು ಹಾಲು ಕೊಡ್ತಾರ. ಗುಬ್ಬಿಗೆ ಸಾಲೂದಿಲ್ಲ ಅದು. ಆರು ದಿನದಾಗ ನನ್ನ ಕೂಸಿನ್ನ ಕರಗಿಸಿ ಬಿಟ್ಟಾರ. ನಾಳೆ ಸೊಸಿ ಬಂದು, ಎಲ್ಲಿ ನನ್ನ ಮಗಳು ಅಂದ್ರ ಏನ ತೋರಿಸ್ಲಿ? ಈ ಎಲುಬಾ?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಗುಂಡು ಮುಖ ಹೋಗಿ ಕೂಸು ಕಾಗದದ ಹಾಗೆ ಕಾಣುತ್ತಿತ್ತು. ಬಾವಿನ ಕೆಳಗೆ ಇದ್ದದ್ದು ಇಷ್ಟೇ. ನರ್ಸಮ್ಮ ಮತ್ತೊಮ್ಮೆ ವಿವರಿಸಿದಳು. ಸೊರಗಿದ ಹೊಟ್ಟೆಗೆ ಒಮ್ಮೆಲೇ ಹೆಚ್ಚು ಹಾಕಿದರೆ ಜೀವಕ್ಕೇ ಅಪಾಯ, ಮೊದಲು ನೀರು ಇಳಿಯಬೇಕು, ಆಮೇಲೆ ಹಸಿವು ಬರುತ್ತದೆ, ಆಮೇಲೆ ತೂಕ. ನೀಲವ್ವ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ಲೆಕ್ಕದಲ್ಲಿ ತೂಕ ಏರಿದಾಗ ನಾವು ರೋಗ ಅಂದೆವು, ಇಳಿದಾಗ ಗುಣ ಅನ್ನುತ್ತಿದ್ದೇವೆ. ಯಾರು ನಂಬುತ್ತಾರೆ?

ಬಸ್ಸಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ನನ್ನ ತಿಳಿವಳಿಕೆಯೆಲ್ಲ ಮುಗಿದಿತ್ತು. ಆಗ ಬಾಯಿಗೆ ಹೇಗೆ ಬಂತೋ, ಶಿವನೇ ಆಡಿಸಿದನೆಂದು ಇವತ್ತಿಗೂ ನಂಬಿದ್ದೇನೆ.

"ನೀಲವ್ವಾ, ಗದ್ದದಾಗ ನೀರು ತುಂಬಿದ ಕುರಿ ನೀ ನೋಡೀಯೇನು?"

"ಯಾಕ ನೋಡೂದಿಲ್ಲ? ಹುಟ್ಟಿದ್ದ ಕುರಿ ಹಿಂಡಿನಾಗ."

"ಆ ಕುರಿ ತೂಕಾ ಹಾಕಿದ್ರ ಹೆಚ್ಚ ಬರ್ತೈತೋ, ಕಡಿಮಿನೋ?"

ಪಕ್ಕದ ಮಂಚದ ಹೆಣ್ಣುಮಗಳು ಬಾಯಿ ಹಾಕಿದಳು. "ಆಯಿ, ನಿಂದೊಂದು ಕುರಿ ದವಾಖಾನಿ ಬ್ಯಾರೆ ತಗಿ ಇಲ್ಲೆ."

"ಸುಮ್ನ ಕುಂಡ್ರ ನೀ," ಅಂದಳು ನೀಲವ್ವ. ನನ್ನ ಕಡೆ ತಿರುಗಿ, "ಕುರಿ ಬ್ಯಾರೆ, ಕೂಸು ಬ್ಯಾರೆ ಅಕ್ಕೋರ," ಅಂದಳು. ಆದರೆ ಕೈ ಆಗಲೇ ಸೆರಗಿನೊಳಗೆ ಹೋಗಿತ್ತು. ಕೂಸಿನ ಪಾದ ಹೊರಗೆ ತೆಗೆದು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದಳು. ಕುಳಿ ಬೀಳಲಿಲ್ಲ. ಇನ್ನೊಂದನ್ನು ಒತ್ತಿದಳು. ಅಲ್ಲೂ ಇಲ್ಲ. ಆಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಸಂತೆಯಲ್ಲಿ ಕುರಿ ಕೊಳ್ಳುವವರು ಬೆನ್ನು ಹಿಡಿದು ನೋಡುತ್ತಾರಲ್ಲ, ಹಾಗೆ ಬೆನ್ನೆಲುಬಿನ ಎರಡು ಬದಿ ಬೆರಳಾಡಿಸಿದಳು. ಕಣ್ಣು ಮುಚ್ಚಿದ್ದಳು. ನರ್ಸಮ್ಮ ನನ್ನ ಮುಖ ನೋಡಿದಳು, ನಾನು ಮಾತಾಡಬೇಡ ಎಂದು ಕೈ ಮಾಡಿದೆ.

"ನೀರು ಹೋಗೈತಿ," ಅಂದಳು ಕಡೆಗೆ. "ಆದ್ರ ನೀರು ಹೋದ ಕುರಿ ಎಲ್ಲಾ ಉಳೀತಾವ ಅಂತೇನಿಲ್ಲ. ಉಳಿಯೂದು ಯಾವುದಂತ ನಮ್ಮ ಮಾವ ಹೇಳ್ತಿದ್ದ."

"ಯಾವುದು?"

"ಮೆಲುಕು ಹಾಕೂದು. ಜಡ್ಡಿನ ಕುರಿ ಎದ್ದ ನಿಂತ್ರೂ ನಂಬಬ್ಯಾಡ, ನೀರ ಕುಡದ್ರೂ ನಂಬಬ್ಯಾಡ. ಬಾಯಿ ಆಡಿಸಿ ಮೆಲುಕು ಹಾಕಿತೋ, ಅದು ಉಳೀತು. ಈ ಕೂಸು ಆರು ದಿನ ಆತು, ಬಾಯಾಗ ಹಾಕಿದ್ದ ನುಂಗತೈತಿ, ಅಷ್ಟ. ತಾನಾಗಿ ಬೇಡಿಲ್ಲ."

"ಹಂಗಾದ್ರ ಬೇಡೂತನಕ ನೋಡು. ಸಂಜಿ ಬಸ್ಸಿನ ತನಕ ಕುಂಡ್ರು. ನಾನೂ ಕುಂಡ್ರತೇನಿ. ಬೇಡಲಿಲ್ಲಂದ್ರ ಗಂಟು ನಾನ ಹೊರತೇನಿ."

ಹಾಗೆ ಅಂದುಬಿಟ್ಟೆ. ಸಂಜೆಯವರೆಗೆ ಕೂಸು ಬೇಡದೇ ಹೋಗಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ಮಧ್ಯಾಹ್ನದ ಬಸ್ಸಿನ ಹಾರ್ನು ಕೇಳಿತು. ಇಬ್ಬರೂ ಎದ್ದು ಹೋಗಲಿಲ್ಲ.

ಹಾಲಿನ ಹೊತ್ತಾಯಿತು. ನರ್ಸಮ್ಮ ಬಟ್ಟಲು ಹಿಡಿದಳು, ಕೂಸು ಮುಖ ತಿರುಗಿಸಿತು. ಚಮಚೆಯಿಂದ ಹನಿ ಹನಿ ಹಾಕಿ ನುಂಗಿಸಿದರು. ನೀಲವ್ವ ನನ್ನನ್ನು ನೋಡಲಿಲ್ಲ. ಎರಡು ತಾಸು. ಮತ್ತೆ ಹಾಲು. ಈ ಸಲ ಮುಖ ತಿರುಗಿಸಲಿಲ್ಲ, ಆದರೆ ಅಷ್ಟೇ. ಪಕ್ಕದ ಮಂಚದವಳು ನನಗೆ ಅರ್ಧ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಅದನ್ನೂ ಉಪಕಾರದ ಲೆಕ್ಕಕ್ಕೆ ಸೇರಿಸಿದೆ.

ಮೂರನೆಯ ಸಲದ್ದನ್ನು ನಾನು ಹೇಗೆ ಬರೆಯಲಿ? ದೊಡ್ಡದೇನೂ ನಡೆಯಲಿಲ್ಲ. ಬಟ್ಟಲು ತುಟಿಗೆ ಬಂತು, ಕೂಸು ಕುಡಿಯಿತು. ಬಟ್ಟಲು ಬರಿದಾಯಿತು, ನರ್ಸಮ್ಮ ಹಿಂದಕ್ಕೆ ಎಳೆದಳು. ಬಟ್ಟಲು ಬರಲಿಲ್ಲ. ನೋಡಿದರೆ, ಕಡ್ಡಿಯಂಥ ಐದು ಬೆರಳು ಅದರ ಅಂಚನ್ನು ಹಿಡಿದಿದ್ದವು. ಕೂಸು ತುಟಿ ನೆಕ್ಕಿತು, ಬರಿಬಾಯಿ ಚಪ್ಪರಿಸಿತು, ಒಮ್ಮೆ ಅಜ್ಜಿಯನ್ನು, ಒಮ್ಮೆ ಬಟ್ಟಲನ್ನು ನೋಡಿತು. ಆಮೇಲೆ ಅಳಲು ಶುರು ಮಾಡಿತು. ಆರು ದಿನ ಕುಂಯ್‌ಗುಟ್ಟುತ್ತಿದ್ದ ಅಳು ಅಲ್ಲ. ಸಿಟ್ಟಿನ ಅಳು, ನನ್ನದು ನನಗೆ ಕೊಡು ಅನ್ನುವ ಅಳು. ಕೋಣೆಯವರೆಲ್ಲ ತಿರುಗಿ ನೋಡಿದರು.

"ಮೆಲುಕು," ಅಂದಳು ನೀಲವ್ವ, ಯಾರಿಗೂ ಅಲ್ಲ.

ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, ಮಂಚದ ಕಾಲಿಗೆ ಒರಗಿಸಿದ್ದ ಗಂಟನ್ನು ಬಿಚ್ಚತೊಡಗಿದಳು. ಅಂಗಿ, ಕುಲಾಯಿ, ಕೌದಿ ಒಂದೊಂದಾಗಿ ಮತ್ತೆ ಮಂಚದ ಮೇಲೆ ಬಂದವು. ನಾನು ಕೈ ಮುಗಿದೆ. ಯಾರಿಗೆ ಎಂದು ನನಗೇ ಗೊತ್ತಿರಲಿಲ್ಲ. ಶಿವನಿಗೋ, ನನ್ನ ತೊಡೆಯ ಮೇಲೆ ಕಿರುಚುತ್ತಿದ್ದ ಈ ಹಸಿವಿಗೋ, ಎಂದೋ ತೀರಿಹೋದ ನೀಲವ್ವನ ಮಾವನಿಗೋ. ಮೂವತ್ತು ವರ್ಷದಲ್ಲಿ ಎಷ್ಟು ಚುಕ್ಕೆ ಇಟ್ಟಿದ್ದೇನೆ. ಒಂದು ಜೀವ ತಿರುಗಿ ಈ ಕಡೆಗೆ ಹೆಜ್ಜೆ ಇಡುವ ಗಳಿಗೆಯನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಆ ದಿನದ ತಕ್ಕಡಿಯಲ್ಲಿ ಗೌರಿ ಎಲ್ಲ ದಿನಗಳಿಗಿಂತ ಹಗುರಾಗಿದ್ದಳು.

ಅವಳು ಮುಂದೆ ಚೇತರಿಸಿಕೊಂಡಳು. ಎರಡು ದಿನದ ಮೇಲೆ ನರ್ಸಮ್ಮ ಫೋನು ಮಾಡಿ, "ನಕ್ಕಾಳ್ರೀ" ಅಂದಳು, ಅಷ್ಟೇ ಅಂದು ಇಟ್ಟಳು. ತೂಕ ಏರಲು ಶುರುವಾದದ್ದು ಅದಾದ ಮೇಲೆ. ಈಗ ಸಾಲೆಗೆ ಹೋಗುತ್ತಾಳೆ, ನಮ್ಮ ಬೀದಿಯಲ್ಲಿ ಹಾಯುವಾಗ ಕಲ್ಲು ಒದೆಯುತ್ತ ಹೋಗುತ್ತಾಳೆ.

ಆ ವಾರದಿಂದ ನಾನು ತೂಕದ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಇನ್ನೊಂದು ಕಾಲಮ್ಮಿನ ಮನೆ ಎಳೆದು, ಕಣ್ಣಿಗೆ ಕಂಡದ್ದನ್ನು ಅದರಲ್ಲಿ ಬರೆಯತೊಡಗಿದೆ. 'ಪಾದ ಒತ್ತಿದೆ, ಕುಳಿ ಇಲ್ಲ.' 'ಎರಡನೆಯ ಸಲ ಬೇಡಿತು.' 'ಗಿಲಕಿ ಕಸಿದುಕೊಂಡರೆ ಅತ್ತಿತು.' 'ಗೋಡೆ ಹಿಡಿದು ನಿಂತಿತು.' ಇಂಡಿ ಬಾಯಿ ಕಡೆಯ ಸಲ ಬಂದಾಗ ಅದನ್ನು ನೋಡಿದರು.

"ಈ ಮನಿ ಯಾರ ಹಾಕಂದ್ರು ನಿನಗ?"

"ಕುರಿ ಕಾಯೂ ಮುದುಕಿರೀ."

ಅವರು ಅಳಿಸಲಿಲ್ಲ. ಚೀಲದಲ್ಲಿದ್ದ ನಿಂಬೆಹಣ್ಣು ಅಷ್ಟನ್ನೂ ಮೇಜಿನ ಮೇಲಿಟ್ಟು, "ಎರಡು ಆಕಿಗೆ ಕೊಡು" ಅಂದರು.

ಈಗ ತೋಳಿಗೆ ಸುತ್ತುವ ಪಟ್ಟಿ ಬಂದಿದೆ, ಎತ್ತರ ಅಳೆಯುವ ಹಲಗೆ ಬಂದಿದೆ, ಅಂಕಿ ಹಾಕಿದರೆ ಫೋನೇ ಬಣ್ಣ ತೋರಿಸುತ್ತದೆ. ಒಳ್ಳೆಯವು, ನನ್ನ ಕಾಲದಲ್ಲಿ ಇದ್ದಿದ್ದರೆ ಎಷ್ಟೋ ತಪ್ಪು ತಪ್ಪುತ್ತಿದ್ದವು. ತಕ್ಕಡಿಯನ್ನೂ ಬಿಡಬೇಡಿ, ಪ್ರತಿ ತಿಂಗಳು ತೂಗಿ, ಬೆಳ್ಳಿ ಬಿಚ್ಚಿಸಿ ತೂಗಿ. ಆದರೆ ಅಂಕಿ ಹಾಕುವ ಮೊದಲು ಕೂಸಿನ ಮುಖ ನೋಡಿ. ತಂಟೆ ಮಾಡದ ಕೂಸನ್ನು ಶಾಣ್ಯಾ ಅನ್ನಬೇಡಿ. ಆ ಕೂಸನ್ನು ಜೀವ ತೇದು ಸಾಕುತ್ತಿರುವ ಮುದುಕಿಯನ್ನು ಕೇಳಿ, ಆಕೆಗೆ ಏನು ಗೊತ್ತು ಎಂದು.

ಆ ಭಾನುವಾರ ಸಂಜೆ ಬಸ್ಸಿನಲ್ಲಿ ನಿಂತೇ ಬಂದೆ. ಮನೆಗೆ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ನಮ್ಮ ಮನೆಯವರು ಶೇಂಗಾವನ್ನು ಮೊರದಲ್ಲಿ ಹರವಿ ಆರಲು ಇಟ್ಟಿದ್ದರು.

"ನಾಕ ಕಾಳು ಕಪ್ಪಾಗ್ಯಾವ," ಅಂದರು. "ಕೂಸು?"

"ಹಾಲು ಬೇಡಿ ಅತ್ತಳ್ರಿ," ಅಂದೆ.

ಅವರು ತಲೆಯಾಡಿಸಿ ಕಟ್ಟೆಯ ಮೇಲೆ ಜರುಗಿ ಜಾಗ ಕೊಟ್ಟರು. ಕೈಕಾಲು ತೊಳೆದು ಬಂದು ಮೊರ ಎತ್ತಿಕೊಂಡೆ. ಅಂಗೈಯಲ್ಲಿ ತಿಕ್ಕಿ ಗಾಳಿಗೆ ಹಿಡಿದೆ. ಕೆಂಪು ಸಿಪ್ಪೆ ಅಂಗಳದ ತುಂಬ ಹಾರಿತು, ಕೇರಿದಂತೆಲ್ಲ ಮೊರ ಹಗುರಾಗುತ್ತ ಬಂತು. ಕಪ್ಪಾದ ನಾಲ್ಕನ್ನು ಆರಿಸಿ ತೆಗೆದೆ. ಒರಳು ತೊಳೆದಿಟ್ಟು, ಹಿಂಡಿಗೆ ಬೆಳ್ಳುಳ್ಳಿ ಸುಲಿಯಲು ಕುಳಿತೆ.